ಮಾಯೆಯ ಬೆಲೆ ತೆರುವವರು ಯಾರು?



ಇವತ್ತು ನಾನು ಒಂದು ಬಗೆಯ ಕಾದಂಬರಿಗಳ ಬಗ್ಗೆ ಮಾತಾಡಲಿದ್ದೇನೆ. ನಿಮ್ಮ ಮನೆಯಲ್ಲಿ ಹದಿನಾಲ್ಕು ಹದಿನೈದು ವರ್ಷದ ಮಗಳೋ ಮೊಮ್ಮಗಳೋ ಇದ್ದರೆ, ಅವಳ ದಿಂಬಿನ ಪಕ್ಕದಲ್ಲಿ ಇಂಥದ್ದೊಂದು ಈಗಲೂ ಇರಬಹುದು. ದಪ್ಪ ಪುಸ್ತಕ. ಇಂಗ್ಲಿಷಿನದು. ಕಥೆಯಲ್ಲಿ ಒಬ್ಬ ಹುಡುಗಿ ಇರುತ್ತಾಳೆ. ಅವಳು ಪ್ರೀತಿಸುವ ಹುಡುಗ ನಮ್ಮ ನಿಮ್ಮಂಥವನಲ್ಲ. ರಕ್ತ ಕುಡಿದು ಬದುಕುವ ವ್ಯಾಂಪೈರ್ ಇರಬಹುದು. ಚಳಿ ಬಂದರೆ ತೋಳವಾಗುವವನಿರಬಹುದು. ಸ್ವರ್ಗದಿಂದ ಹೊರದಬ್ಬಿಸಿಕೊಂಡ ದೇವದೂತನಿರಬಹುದು. ಅಂಗಡಿಗಳಲ್ಲಿ ಇವನ್ನು ಯಂಗ್ ಅಡಲ್ಟ್ ಫ್ಯಾಂಟಸಿ ಎಂಬ ಕಪಾಟಿನಲ್ಲಿ ಇಡುತ್ತಾರೆ. ಪ್ರೇಮವೇ ಕಥೆಯ ಜೀವಾಳವಾದರೆ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಎನ್ನುತ್ತಾರೆ.

ನಾನು ವಿಮರ್ಶಕಿಯಲ್ಲ. ಈ ಪುಸ್ತಕಗಳ ಲಕ್ಷಾಂತರ ಓದುಗರಲ್ಲಿ ಒಬ್ಬಳು. ಪ್ರೀತಿಯಿಂದ ಓದಿದ್ದೇನೆ. ಕೆಲವನ್ನು ಮತ್ತೆ ಮತ್ತೆ ಓದಿದ್ದೇನೆ. ಓದುತ್ತ ಹೋದಂತೆ ನನ್ನಲ್ಲಿ ಒಂದು ಪ್ರಶ್ನೆ ಗಟ್ಟಿಯಾಯಿತು. ಯಾವ ಪುಸ್ತಕ ಕೈಗೆ ಬಂದರೂ ಅದನ್ನೇ ಕೇಳುತ್ತೇನೆ. ಇಲ್ಲಿ ಮಾಯೆ ಇದೆ, ಸರಿ. ಆ ಮಾಯೆಗೆ ಬೆಲೆ ಇದೆಯೇ? ಇದ್ದರೆ, ಅದನ್ನು ತೆತ್ತವರು ಯಾರು? ಈ ಹೊತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲಿಗೆ, ಇವುಗಳ ವಂಶಾವಳಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂಗ್ಲಿಷ್ ಕಥೆಗಳಲ್ಲಿ ವ್ಯಾಂಪೈರ್ ಬಂದು ಇನ್ನೂರು ವರ್ಷ ದಾಟಿದೆ. 1819ರಲ್ಲಿ ಪಾಲಿಡೋರಿಯ ಕಥೆ. 1872ರಲ್ಲಿ ಲೆ ಫಾನು ಬರೆದ ಕಾರ್ಮಿಲ್ಲಾ. 1897ರಲ್ಲಿ ಬ್ರಾಮ್ ಸ್ಟೋಕರನ ಡ್ರಾಕುಲಾ. ಅಲ್ಲೆಲ್ಲ ವ್ಯಾಂಪೈರ್ ಹೆದರಬೇಕಾದ ಜೀವ. 1976ರಲ್ಲಿ ಆನ್ ರೈಸ್ ಎಂಬ ಅಮೆರಿಕದ ಲೇಖಕಿ ಆ ಜೀವಕ್ಕೇ ಬಾಯಿ ಕೊಟ್ಟರು. ವ್ಯಾಂಪೈರ್ ಕೂತು ತನ್ನ ಕಥೆಯನ್ನು ತಾನೇ ಹೇಳಿಕೊಂಡಿತು. ಭಯದ ಜಾಗಕ್ಕೆ ಮರುಕ ಬಂತು. ಮರುಕ ಬಂದ ಮೇಲೆ ಪ್ರೀತಿ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1990ರ ದಶಕಕ್ಕೆ ಹದಿಹರೆಯದ ಹುಡುಗಿ ವ್ಯಾಂಪೈರನ್ನು ಪ್ರೇಮಿಸುವ ಕಾದಂಬರಿಗಳು ಬಂದೇ ಬಂದವು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಇಂಥ ಪುಸ್ತಕ ಓದುವ ಹುಡುಗಿಯರನ್ನು ಜನ ಹಗುರವಾಗಿ ಕಾಣುತ್ತಾರೆ. ಅಮೆರಿಕದಲ್ಲೂ ಹಾಗೇ ಕಂಡರು, ಇಲ್ಲೂ ಹಾಗೇ ಕಾಣುತ್ತಾರೆ. ನನಗೆ ಇದು ನೋವಿನ ವಿಷಯ. ಕನ್ನಡದಲ್ಲಿ ಹೆಂಗಸರು ಬರೆದು ಹೆಂಗಸರು ಓದಿದ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯ ಎಂದು ಕರೆದ ಕಾಲವಿತ್ತು. ತ್ರಿವೇಣಿಯವರ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಕೆಲಸ ಮುಗಿಸಿ, ದೀಪದ ಬೆಳಕಲ್ಲಿ ಓದಿದ ತಾಯಂದಿರು ನಮ್ಮವರು. ಶರಪಂಜರದ ಕಾವೇರಿ ಅವರ ಪಾಲಿಗೆ ಪಾತ್ರವಾಗಿರಲಿಲ್ಲ, ಪಕ್ಕದ ಮನೆಯ ಹೆಣ್ಣಾಗಿದ್ದಳು. ಆ ಓದಿನ ಬೆಲೆ ಗೊತ್ತಿರುವ ನಾವು, ನಮ್ಮ ಮೊಮ್ಮಕ್ಕಳ ಓದನ್ನು ಹಗುರ ಮಾಡುವುದು ತರವಲ್ಲ. ಪುಸ್ತಕವನ್ನು ಟೀಕಿಸೋಣ. ಓದುವವಳನ್ನು ಬೇಡ.

ಹಾಗಾದರೆ ನಮ್ಮ ಪ್ರಶ್ನೆಗೆ ಬರೋಣ. ಮಾಯೆಗೆ ಬೆಲೆ ಇದೆಯೇ ಎಂಬುದು ಪ್ರಶ್ನೆ. ಅದನ್ನು ಮೊದಲು ಕೇಳಬೇಕಾದದ್ದು ಟ್ವೈಲೈಟ್ ಎಂಬ ಕಾದಂಬರಿಗೆ. ಏಕೆಂದರೆ ಈಗಿನ ಈ ಪ್ರವಾಹಕ್ಕೆ ಕಟ್ಟೆ ಒಡೆದದ್ದು ಅದೇ.

ಟ್ವೈಲೈಟ್ 2005ರಲ್ಲಿ ಬಂತು. ಬರೆದವರು ಸ್ಟೆಫನಿ ಮೇಯರ್. ಬಿಸಿಲು ಸುಡುವ ಅರಿಜೋನಾ ರಾಜ್ಯದ ಗೃಹಿಣಿ, ಮೂರು ಗಂಡುಮಕ್ಕಳ ತಾಯಿ. 2003ರ ಜೂನ್ ತಿಂಗಳ ಒಂದು ರಾತ್ರಿ ಅವರಿಗೆ ಕನಸು ಬಿತ್ತು. ಹುಲ್ಲುಗಾವಲಲ್ಲಿ ಒಬ್ಬ ಹುಡುಗಿ, ಒಬ್ಬ ವ್ಯಾಂಪೈರ್ ಹುಡುಗ ಮಾತಾಡುತ್ತಿದ್ದರಂತೆ. ಆ ಕನಸು ನಾಲ್ಕು ದಪ್ಪ ಕಾದಂಬರಿಗಳಾಗಿ ಬೆಳೆಯಿತು. ಜಗತ್ತಿನಾದ್ಯಂತ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಮೊದಲ ಪುಸ್ತಕದ ಹೊದಿಕೆ ನೋಡದವರಿಗಾಗಿ ಹೇಳುತ್ತೇನೆ. ಕಗ್ಗತ್ತಲೆಯ ಹಿನ್ನೆಲೆ. ಅದರೊಳಗಿಂದ ಎರಡು ಬಿಳಿಚಿದ ಕೈಗಳು ಮುಂದಕ್ಕೆ ಚಾಚಿವೆ. ಬೊಗಸೆಯಲ್ಲಿ ಒಂದು ಕೆಂಪು ಸೇಬು. ತಿನ್ನಬೇಡ ಎಂದ ಹಣ್ಣು ಅದು. ತಿಂದರೆ ಬೆಲೆ ತೆರಬೇಕಾದೀತು ಎಂದು ಹೊದಿಕೆಯೇ ಹೇಳುತ್ತದೆ.

ಕಥೆ ಹೀಗಿದೆ. ಬೆಲ್ಲಾಗೆ ಹದಿನೇಳು ವರ್ಷ. ಬಿಸಿಲಿನ ಊರು ಬಿಟ್ಟು, ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಪುಟ್ಟ ಊರಿಗೆ, ಅಪ್ಪನ ಮನೆಗೆ ಬರುತ್ತಾಳೆ. ಶಾಲೆಯಲ್ಲಿ ಎಡ್ವರ್ಡ್ ಸಿಗುತ್ತಾನೆ. ನೋಡಲು ಅವನಿಗೂ ಹದಿನೇಳು. 1918ರ ಮಹಾ ಫ್ಲೂ ಜ್ವರದಲ್ಲಿ ಸಾಯಬೇಕಾದವನು ವ್ಯಾಂಪೈರ್ ಆಗಿ ಉಳಿದುಕೊಂಡಿದ್ದಾನೆ. ಅವನ ಮನೆಯವರು ಮನುಷ್ಯರ ರಕ್ತ ಮುಟ್ಟುವುದಿಲ್ಲ, ಪ್ರಾಣಿಗಳ ರಕ್ತದಲ್ಲೇ ಬದುಕುತ್ತಾರೆ. ಬೆಲ್ಲಾಗೆ ಅವನಂತೆಯೇ ಆಗಬೇಕು. ಅವನಿಗೆ ಅದು ಬೇಡ.

ಈ ಸರಣಿಯಲ್ಲಿ ನನಗೆ ನಿಜವಾಗಿ ಇಷ್ಟವಾದ ಒಂದು ಜಾಗವಿದೆ. ಎರಡನೆಯ ಪುಸ್ತಕ, ನ್ಯೂ ಮೂನ್. ಎಡ್ವರ್ಡ್ ಅವಳನ್ನು ಬಿಟ್ಟು ಹೋಗುತ್ತಾನೆ. ಮುಂದಿನ ಪುಟ ತಿರುಗಿಸಿದರೆ ಅಲ್ಲಿ ಏನೂ ಇಲ್ಲ. ತಿಂಗಳ ಹೆಸರು ಮಾತ್ರ. ಅಕ್ಟೋಬರ್. ಮತ್ತೊಂದು ಪುಟ, ನವೆಂಬರ್. ಮತ್ತೆ ಡಿಸೆಂಬರ್. ಮತ್ತೆ ಜನವರಿ. ಉಳಿದದ್ದೆಲ್ಲ ಖಾಲಿ ಕಾಗದ. ಆ ಹುಡುಗಿಯ ಬದುಕಿನಲ್ಲಿ ಆ ತಿಂಗಳುಗಳೇ ಇರಲಿಲ್ಲ ಎಂದು ಹೇಳಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಹದಿನೆಂಟರ ವಯಸ್ಸಿನ ದುಃಖವನ್ನು ಈ ಲೇಖಕಿ ಸಣ್ಣದೆಂದು ಎಣಿಸಲಿಲ್ಲ. ಕೋಟ್ಯಂತರ ಹುಡುಗಿಯರು ಈ ಪುಸ್ತಕವನ್ನು ಎದೆಗೆ ಅವಚಿಕೊಂಡದ್ದು ಅದಕ್ಕಾಗಿಯೇ ಎಂದು ನಾನು ನಂಬುತ್ತೇನೆ.

ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಎಡ್ವರ್ಡ್ ರಾತ್ರಿ ಹೊತ್ತು ಅವಳ ಕೋಣೆಗೆ ನುಗ್ಗಿ, ಅವಳು ಮಲಗಿದ್ದನ್ನು ನೋಡುತ್ತ ನಿಲ್ಲುತ್ತಾನೆ. ಅವಳಿಗೇ ಗೊತ್ತಿಲ್ಲ. ಮೂರನೆಯ ಪುಸ್ತಕದಲ್ಲಿ ಅವಳು ಗೆಳೆಯ ಜೇಕಬ್‌ನನ್ನು ನೋಡಲು ಹೊರಟರೆ, ಹೋಗದಂತೆ ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ. ಇದನ್ನು ಪ್ರೀತಿಯ ಆಳ ಎಂದು ಕಥೆ ತೋರಿಸುತ್ತದೆ. ಇದು ಕಾವಲು. ಹುಡುಗಿಯರಿಗೆ ಈ ಎರಡರ ವ್ಯತ್ಯಾಸ ಹೇಳಿಕೊಡಬೇಕಾದ ವಯಸ್ಸಿನಲ್ಲೇ ಈ ಪುಸ್ತಕ ಅವರ ಕೈಗೆ ಬರುತ್ತದೆ.

ಆದರೂ ನನ್ನ ಮುಖ್ಯ ತಕರಾರು ಇದಲ್ಲ. ಬೆಲೆಯದು. ಮೂರು ಪುಸ್ತಕಗಳುದ್ದಕ್ಕೂ ನಮಗೆ ಎಚ್ಚರಿಕೆ ಕೊಡುತ್ತ ಬರುತ್ತಾರೆ. ವ್ಯಾಂಪೈರ್ ಆದರೆ ಅಪ್ಪ ಅಮ್ಮನನ್ನು ಮತ್ತೆ ನೋಡುವಂತಿಲ್ಲ. ವರ್ಷಗಟ್ಟಲೆ ರಕ್ತದಾಹದಿಂದ ಹುಚ್ಚಾಗಬೇಕು. ಮಕ್ಕಳಾಗುವುದಿಲ್ಲ. ಆತ್ಮವೇ ಹೋಗಬಹುದು. ನಾವು ಉಸಿರು ಬಿಗಿಹಿಡಿದು ಕಾಯುತ್ತೇವೆ. ನಾಲ್ಕನೆಯ ಪುಸ್ತಕದಲ್ಲಿ ಬೆಲ್ಲಾ ವ್ಯಾಂಪೈರ್ ಆಗುತ್ತಾಳೆ. ಆಮೇಲೆ? ದಾಹ ಮೊದಲ ದಿನದಿಂದಲೇ ಹತೋಟಿಯಲ್ಲಿದೆ. ಅಪ್ಪನ ಸಂಗ ತಪ್ಪುವುದಿಲ್ಲ. ಮಗುವೂ ಹುಟ್ಟಿದೆ. ಅವಳಿಗಾಗಿ ಎದೆ ಒಡೆದುಕೊಂಡಿದ್ದ ಜೇಕಬ್‌ಗೂ ಆ ಮಗುವಿನ ಜೊತೆ ವಿಧಿಯ ನಂಟು ಬೆಸೆದು ಅವನ ನೋವನ್ನೂ ಒರೆಸಿಬಿಡುತ್ತಾರೆ. ಮಹಾಯುದ್ಧ ಆಗಬೇಕಾದ ಮೈದಾನದಿಂದ ಎರಡೂ ಪಾಳಯ ಮಾತಾಡಿಕೊಂಡು ಚದುರುತ್ತವೆ. ಹೆರಿಗೆಯ ಅಧ್ಯಾಯ ಮಾತ್ರ ಭೀಕರ. ಅಲ್ಲೊಂದೆಡೆ ಬೆಲ್ಲಾ ತನ್ನ ಮೈಯಿಂದಲೇ ಬೆಲೆ ತೆರುತ್ತಾಳೆ, ಅದನ್ನು ನಾನು ಮರೆಮಾಚುವುದಿಲ್ಲ. ಉಳಿದಂತೆ ಎಲ್ಲವೂ ಪುಕ್ಕಟೆ. ಹೊದಿಕೆಯ ಮೇಲಿನ ಸೇಬು ಸುಳ್ಳಾಯಿತು.

ಇದೇ ಲೇಖಕಿ 2015ರಲ್ಲಿ ಮತ್ತೊಂದು ಪುಸ್ತಕ ಬರೆದರು. ಹೆಸರು ಲೈಫ್ ಅಂಡ್ ಡೆತ್. ಅದೇ ಕಥೆ, ಆದರೆ ಗಂಡು ಹೆಣ್ಣು ಅದಲುಬದಲು. ಇಲ್ಲಿ ಮನುಷ್ಯ ಹುಡುಗ, ವ್ಯಾಂಪೈರ್ ಹುಡುಗಿ. ಬೆಲ್ಲಾ ಸದಾ ಕಾಪಾಡಿಸಿಕೊಳ್ಳುವವಳು ಎಂಬ ಟೀಕೆಗೆ ಉತ್ತರವಾಗಿ ಬರೆದದ್ದು. ಅದರ ಕೊನೆ ಬೇರೆ. ಹುಡುಗ ವ್ಯಾಂಪೈರ್ ಆಗಿಬಿಡುತ್ತಾನೆ. ಅವನು ಸತ್ತನೆಂದೇ ಅಪ್ಪ ಅಮ್ಮ ನಂಬುತ್ತಾರೆ. ತನ್ನದೇ ಶವಸಂಸ್ಕಾರವನ್ನು ಅವನು ದೂರ ನಿಂತು ನೋಡಬೇಕಾಗುತ್ತದೆ. ಅಪ್ಪ ಅಳುತ್ತಿದ್ದಾನೆ, ಹತ್ತಿರ ಹೋಗುವಂತಿಲ್ಲ. ಟ್ವೈಲೈಟಿನಷ್ಟು ಜನ ಇದನ್ನು ಓದಲಿಲ್ಲ. ನನ್ನ ಪಾಲಿಗೆ ಮೇಯರ್ ಅವರ ಅತ್ಯಂತ ಪ್ರಾಮಾಣಿಕ ಪುಟಗಳು ಇವೇ. ಸೇಬು ತಿಂದದ್ದಕ್ಕೆ ಲೆಕ್ಕ ಇಲ್ಲಿ ಚುಕ್ತಾ ಆಯಿತು.

ಇಲ್ಲಿಯವರೆಗೆ, ಬೆಲೆಯನ್ನು ತಪ್ಪಿಸಿದ ಕಥೆಯನ್ನು ನೋಡಿದೆವು. ಇನ್ನು ಬೆಲೆಯನ್ನು ಎದುರಿಸಿದ ಕಥೆಗಳನ್ನು ನೋಡೋಣ.

2009ರಲ್ಲಿ ಮ್ಯಾಗಿ ಸ್ಟೀಫ್‌ವಾಟರ್ ಎಂಬವರ ಶಿವರ್ ಬಂತು. ಅಮೆರಿಕದ ಉತ್ತರದ ಮಿನ್ನೆಸೋಟ ರಾಜ್ಯ, ಎಲುಬು ನಡುಗಿಸುವ ಚಳಿಯ ನಾಡು. ಸ್ಯಾಮ್ ಎಂಬ ಹುಡುಗ ಚಳಿ ಬಂದರೆ ತೋಳವಾಗುತ್ತಾನೆ, ಬೆಚ್ಚಗಾದರೆ ಮನುಷ್ಯ. ಹುಣ್ಣಿಮೆಯ ಚಂದ್ರನಿಗೂ ಇದಕ್ಕೂ ಸಂಬಂಧವಿಲ್ಲ, ಥರ್ಮಾಮೀಟರಿಗೆ ಸಂಬಂಧ. ಪ್ರತಿ ಅಧ್ಯಾಯದ ತಲೆಯ ಮೇಲೆ ಅಂದಿನ ತಾಪಮಾನವನ್ನು ಮುದ್ರಿಸಿದ್ದಾರೆ. ಓದುವವರು ಕಥೆಗಿಂತ ಮುಂಚೆ ಆ ಅಂಕಿಯನ್ನೇ ನೋಡುತ್ತಾರೆ. ಇಳಿಯಿತೇ, ಇನ್ನೂ ಇಳಿಯಿತೇ ಎಂದು. ಬೆಲೆ ಏನೆಂದರೆ, ವರ್ಷದಿಂದ ವರ್ಷಕ್ಕೆ ಮನುಷ್ಯನಾಗಿರುವ ದಿನಗಳು ಕಡಿಮೆಯಾಗುತ್ತವೆ. ಕೊನೆಗೊಂದು ಬೇಸಿಗೆ ಬರುತ್ತದೆ, ಅವನು ತೋಳವಾಗಿಯೇ ಉಳಿಯುತ್ತಾನೆ. ಹೆಸರು ಮರೆತುಹೋಗುತ್ತದೆ, ಅವಳೂ ಮರೆತುಹೋಗುತ್ತಾಳೆ. ಗ್ರೇಸ್ ಎಂಬ ಹುಡುಗಿ ಇದನ್ನು ತಿಳಿದೇ ಪ್ರೀತಿಸುತ್ತಾಳೆ. ಸುಂದರವಾದ ಭಾಷೆ. ಒಮ್ಮೊಮ್ಮೆ ಅತಿ ಸುಂದರ ಎನಿಸುವುದೂ ಉಂಟು. ಆದರೆ ಈ ಕಥೆ ನನಗೆ ಮೋಸ ಮಾಡಲಿಲ್ಲ.

ಇನ್ನೂ ಎತ್ತರದ್ದು ಬೇಕೆಂದರೆ ಇಂಗ್ಲೆಂಡಿನ ಫಿಲಿಪ್ ಪುಲ್ಮನ್. ಅವರ ಮೂರು ಪುಸ್ತಕಗಳ ಸರಣಿ 1995ರಲ್ಲಿ ಶುರುವಾಗಿ 2000ದಲ್ಲಿ ಮುಗಿಯಿತು. ಲೈರಾ ಎಂಬ ಹುಡುಗಿಯ ಲೋಕದಲ್ಲಿ ಮನುಷ್ಯನ ಆತ್ಮ ಮೈಯ ಹೊರಗೆ, ಪ್ರಾಣಿಯ ರೂಪದಲ್ಲಿ ಜೊತೆಗೇ ಓಡಾಡುತ್ತದೆ. ಮಕ್ಕಳ ಪ್ರಾಣಿ ಗಳಿಗೆಗೊಂದು ರೂಪ ತಾಳುತ್ತದೆ. ಈಗ ಪತಂಗ, ಈಗ ಬೆಕ್ಕು. ದೊಡ್ಡವರಾಗುತ್ತ ಒಂದೇ ರೂಪಕ್ಕೆ ನಿಂತುಬಿಡುತ್ತದೆ. ಹದಿಹರೆಯ ಎಂದರೇನು ಎಂಬುದನ್ನು ಇಷ್ಟು ಸರಳವಾಗಿ ಕಣ್ಣಿಗೆ ಕಟ್ಟಿಸಿದ ಮತ್ತೊಬ್ಬ ಲೇಖಕರನ್ನು ನಾನು ಕಂಡಿಲ್ಲ.

ಲೈರಾ ಒಂದು ಲೋಕದವಳು, ವಿಲ್ ಎಂಬ ಹುಡುಗ ಇನ್ನೊಂದು ಲೋಕದವನು. ಲೋಕಗಳ ನಡುವೆ ಕಿಟಕಿಗಳಿವೆ. ಕೊನೆಗೆ ಗೊತ್ತಾಗುತ್ತದೆ, ಆ ಕಿಟಕಿಗಳ ಮೂಲಕ ಎಲ್ಲ ಲೋಕಗಳ ಜೀವಸತ್ವ ಸೋರಿಹೋಗುತ್ತಿದೆ. ಎಲ್ಲವನ್ನೂ ಮುಚ್ಚಬೇಕು. ಒಂದೇ ಒಂದನ್ನು ತೆರೆದಿಡಬಹುದು. ಪ್ರೀತಿಸುವ ಈ ಇಬ್ಬರು ಅದನ್ನು ತಮಗೆಂದು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳುವುದಿಲ್ಲ. ಸತ್ತವರ ಲೋಕದಿಂದ ಸತ್ತವರು ಹೊರಬಂದು ಗಾಳಿಯಲ್ಲಿ ಬೆರೆಯಲು ಆ ಒಂದು ಕಿಟಕಿಯನ್ನು ಬಿಟ್ಟುಕೊಡುತ್ತಾರೆ. ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿ ಒಂದು ಮರದ ಬೆಂಚಿದೆ, ಎರಡೂ ಲೋಕಗಳಲ್ಲಿ ಅದು ಇದೆ. ವರ್ಷಕ್ಕೊಮ್ಮೆ, ನಡುಬೇಸಿಗೆಯ ದಿನ, ನಡುಮಧ್ಯಾಹ್ನ, ಅವನು ಅಲ್ಲಿ, ಅವಳು ಇಲ್ಲಿ, ಒಂದು ಗಂಟೆ ಕೂರುವುದೆಂದು ಮಾತಾಗುತ್ತದೆ. ಓದಿದ ಎಷ್ಟೋ ಮಕ್ಕಳು ಈ ಕೊನೆಗೆ ಅತ್ತಿದ್ದಾರೆ, ಲೇಖಕರ ಮೇಲೆ ಸಿಟ್ಟಾಗಿದ್ದಾರೆ. ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಕೊನೆಯನ್ನು ಬದಲಿಸಿದ್ದರೆ ಮಾತ್ರ ಕ್ಷಮಿಸುತ್ತಿರಲಿಲ್ಲ.

ಕೇಳುಗರೇ, ಬೆಲೆ ತಪ್ಪಿಸಿದ ಕಥೆ ಕೇಳಿದಿರಿ, ಬೆಲೆ ತೆತ್ತ ಕಥೆಗಳನ್ನೂ ಕೇಳಿದಿರಿ. ಈಗ ನನ್ನ ಪ್ರಶ್ನೆಯ ಎರಡನೆಯ ಅರ್ಧ. ಬೆಲೆ ಇದೆ, ಆದರೆ ತೆತ್ತವರು ಯಾರು? ಅವಳೋ, ಅವನೋ? ಇದಕ್ಕೆ ಉತ್ತರ ಹುಡುಕುತ್ತ ಒಬ್ಬ ಲೇಖಕಿ ಇಪ್ಪತ್ತು ವರ್ಷ ಕಳೆದರು. ಅವರು ಅರ್ಸುಲಾ ಲೆ ಗ್ವಿನ್.

1968ರಲ್ಲಿ ಅವರು ಅರ್ಥ್‌ಸೀ ಎಂಬ ದ್ವೀಪಗಳ ಲೋಕವನ್ನು ಕಟ್ಟಿದರು. ಅಲ್ಲಿ ಗೆಡ್ ಎಂಬ ಕಂದುಬಣ್ಣದ ಹುಡುಗ ಮಂತ್ರವಿದ್ಯೆ ಕಲಿಯುತ್ತಾನೆ. ಜಂಬ ತೋರಿಸಲು ಹೋಗಿ ಒಂದು ಕರಿನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದು ಅವನನ್ನೇ ಬೆನ್ನಟ್ಟುತ್ತದೆ. ಇದು ಮೊದಲ ಪುಸ್ತಕ. 1971ರ ಎರಡನೆಯದು ಟೆನಾರ್ ಎಂಬ ಹುಡುಗಿಯದು. ಪುಟ್ಟ ಕೂಸಾಗಿದ್ದಾಗಲೇ ಅವಳನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗುತ್ತಾರೆ. ಸತ್ತ ಪೂಜಾರಿಣಿಯೇ ಮರಳಿ ಹುಟ್ಟಿದ್ದಾಳೆ ಎನ್ನುತ್ತಾರೆ. ಅವಳ ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ನೆಲದಡಿಯ ಕತ್ತಲ ಸುರಂಗಗಳ ಒಡತಿಯಾಗಿ ಅವಳು ಬೆಳೆಯುತ್ತಾಳೆ. ಅಲ್ಲಿ ದೀಪ ಹಚ್ಚುವಂತಿಲ್ಲ. ಗೋಡೆ ಸವರಿಕೊಂಡು, ತಿರುವುಗಳನ್ನು ಎಣಿಸಿಕೊಂಡು ನಡೆಯಬೇಕು. ಅಲ್ಲಿಗೆ ಒಂದು ದಿನ ಗೆಡ್ ಬೆಳಕು ಹಿಡಿದು ಬರುತ್ತಾನೆ. ಅವನನ್ನು ಅವಳು ಸೆರೆಹಿಡಿಯುತ್ತಾಳೆ. ಕೊಲ್ಲಬೇಕಾದವಳು ಕೊಲ್ಲುವುದಿಲ್ಲ. ಇಬ್ಬರೂ ಹೊರಬರುತ್ತಾರೆ. ಹೊರಬಂದ ಟೆನಾರ್ ಸಂತೋಷದಿಂದ ಕುಣಿಯುವುದಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಾಳೆ. ಬಿಡುಗಡೆ ಅವಳಿಗೆ ಭಾರವಾಗಿದೆ. ಮುಂದಿನ ದಾರಿಯನ್ನು ಇನ್ನು ತಾನೇ ಆರಿಸಬೇಕಲ್ಲ ಎಂಬ ಭಾರ. ಇಷ್ಟು ನಿಜವಾದ ಅಳುವನ್ನು ನಾನು ಕಾದಂಬರಿಗಳಲ್ಲಿ ಕಂಡದ್ದು ಕಡಿಮೆ.

ಬೇರೆ ಯಾರೇ ಆಗಿದ್ದರೂ ಅಲ್ಲೇ ಇಬ್ಬರಿಗೂ ಮದುವೆ ಮಾಡಿಸುತ್ತಿದ್ದರು. ಲೆ ಗ್ವಿನ್ ಮಾಡಿಸಲಿಲ್ಲ. ಮೂರನೆಯ ಪುಸ್ತಕದಲ್ಲಿ ಗೆಡ್, ಸಾವಿನ ಲೋಕದ ಬಿರುಕನ್ನು ಮುಚ್ಚಲು ತನ್ನ ಮಂತ್ರಶಕ್ತಿಯನ್ನೆಲ್ಲ ಸುರಿದು ಬರಿದಾಗುತ್ತಾನೆ. ಮತ್ತೆ ಸುಮಾರು ಹದಿನೆಂಟು ವರ್ಷ ಲೇಖಕಿ ಈ ಕಥೆಯನ್ನು ಮುಂದುವರಿಸಲಿಲ್ಲ. 1990ರಲ್ಲಿ ತೆಹಾನು ಬಂತು. ಟೆನಾರ್ ಈಗ ನಡುವಯಸ್ಸಿನ ವಿಧವೆ. ಹೊಲ ಮನೆ ನೋಡಿಕೊಂಡಿರುವ ರೈತ ಹೆಂಗಸು. ಬೆಂಕಿಯಲ್ಲಿ ಸುಟ್ಟ ಒಂದು ಮಗುವನ್ನು ಸಾಕುತ್ತಿದ್ದಾಳೆ. ಗೆಡ್ ಅವಳಲ್ಲಿಗೆ ಬರುತ್ತಾನೆ. ಮಂತ್ರವಿಲ್ಲ, ಪದವಿಯಿಲ್ಲ, ಸೋತ ಗಂಡಸು. ಕುರಿ ಮೇಕೆ ಕಾಯುವ ಕೆಲಸಕ್ಕೆ ನಿಲ್ಲುತ್ತಾನೆ. ಆಗ, ಆಗ ಮಾತ್ರ, ಅವರಿಬ್ಬರ ನಡುವೆ ಪ್ರೀತಿ ಸಾಧ್ಯವಾಗುತ್ತದೆ.

ಟ್ವೈಲೈಟಿನಲ್ಲಿ ಹುಡುಗಿ ಹುಡುಗನ ಮಾಯೆಯ ಎತ್ತರಕ್ಕೆ ಏರಬೇಕು. ಇಲ್ಲಿ ಗಂಡಸು ಮಾಯೆಯನ್ನು ಕಳೆದುಕೊಂಡು ಹೆಣ್ಣಿನ ಅಡುಗೆಮನೆಯ ಒಲೆಯ ಹತ್ತಿರ ಬಂದು ಕೂರುತ್ತಾನೆ. ಬೆಲೆ ಅವನದು. ಅವಳೂ ತನ್ನ ಪಾಲಿನ ಬೆಲೆಯನ್ನು ಎಂದೋ ತೆತ್ತಾಗಿದೆ. ಇಬ್ಬರೂ ಸಮ. ತೆಹಾನು ಬಂದಾಗ ಹಳೆಯ ಓದುಗರು ಕೆಲವರು ಬೇಸರಪಟ್ಟರು. ಮಹಾಮಾಂತ್ರಿಕನನ್ನು ಹೀಗೆ ಮೇಕೆ ಕಾಯಲು ಹಚ್ಚಿದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ನನಗೆ ಇದು ಈ ಇಡೀ ಪ್ರಕಾರದ ಅತ್ಯಂತ ದೊಡ್ಡ ಪ್ರೇಮಕಥೆ.

ಇಷ್ಟು ಹೊತ್ತು ಕಥೆಯ ಒಳಗೆ ಬೆಲೆ ತೆತ್ತವರನ್ನು ನೋಡಿದೆವು. ಕಥೆಯ ಹೊರಗೂ ಬೆಲೆ ತೆರುವವರಿದ್ದಾರೆ. ಅವರ ಮಾತು ಹೇಳದೆ ಹೋದರೆ ತಪ್ಪಾಗುತ್ತದೆ.

ಟ್ವೈಲೈಟ್ ಕಥೆಯಲ್ಲಿ ತೋಳವಾಗುವ ಜೇಕಬ್ ಕ್ವಿಲಿಯೂಟ್ ಎಂಬ ಬುಡಕಟ್ಟಿನವನು. ಈ ಬುಡಕಟ್ಟು ಕಲ್ಪನೆಯಲ್ಲ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರದ ದಂಡೆಯಲ್ಲಿ, ಲಾ ಪುಶ್ ಎಂಬ ಹಳ್ಳಿಯಲ್ಲಿ ಈ ಜನ ಇದ್ದಾರೆ. ಟ್ವೈಲೈಟ್ ಬಂದಾಗ ಅವರಿಗೆಂದು ಬಿಟ್ಟ ನೆಲ ಸುಮಾರು ಒಂದು ಚದರ ಮೈಲಿಯಿತ್ತು. ತಮ್ಮ ಪೂರ್ವಜರು ತೋಳಗಳಿಂದ ಮಾರ್ಪಟ್ಟು ಮನುಷ್ಯರಾದರು ಎಂಬುದು ಅವರ ನಿಜವಾದ ಪುರಾಣ. ಮೇಯರ್ ಅಮೆರಿಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಫೋರ್ಕ್ಸ್ ಆರಿಸಿಕೊಂಡರು. ಅದರ ಪಕ್ಕದಲ್ಲಿ ಈ ಜನ ಸಿಕ್ಕರು. ಅವರ ಪುರಾಣದ ತೋಳ ಪ್ರೇಮಕಥೆಯ ತೋಳಮನುಷ್ಯನಾಯಿತು. ಫೋರ್ಕ್ಸ್ ಊರಿಗೆ ಒಂದು ವರ್ಷ 70 ಸಾವಿರದಷ್ಟು ಪ್ರವಾಸಿಗರು ಬಂದರು. ಕ್ವಿಲಿಯೂಟ್ ಜನರ ಹೆಸರಿನಲ್ಲಿ ಎಲ್ಲೆಲ್ಲೋ ಸರಕುಗಳು ಮಾರಾಟವಾದವು. ಅದೇ ಕಾಲದಲ್ಲಿ ಆ ಬುಡಕಟ್ಟಿನ ಶಾಲೆ ಸುನಾಮಿ ಬಂದರೆ ಮೊದಲು ಮುಳುಗುವ ತಗ್ಗಿನಲ್ಲಿ ಇತ್ತು. ಎತ್ತರದ ನೆಲಕ್ಕಾಗಿ ಅವರು ವರ್ಷಗಟ್ಟಲೆ ಕೇಳಿಕೊಂಡರು. 2012ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ರಾಷ್ಟ್ರೀಯ ಉದ್ಯಾನದಿಂದ 800 ಎಕರೆಗೆ ಹತ್ತಿರದಷ್ಟು ಜಾಗ ಕೊಟ್ಟಿತು. ಸಿಯಾಟಲ್‌ನ ಬರ್ಕ್ ವಸ್ತುಸಂಗ್ರಹಾಲಯ ಈ ಜನರ ಜೊತೆ ಸೇರಿ, ಕಾದಂಬರಿಯಲ್ಲಿರುವುದು ಏನು, ನಿಜ ಏನು ಎಂದು ಜನರಿಗೆ ತಿಳಿಸುವ ಕೆಲಸ ಮಾಡಿತು. ಮಾಯೆಯ ತೋಳ ಅವರದು. ಲಾಭ ಹೆಚ್ಚಾಗಿ ಬೇರೆಯವರದು.

ಇದು ದೂರದ ಮಾತು ಎಂದುಕೊಳ್ಳಬೇಡಿ. ನಮ್ಮ ಹಂಪಿಯೂ ಇಂಥ ಒಂದು ಕಾದಂಬರಿಯಲ್ಲಿದೆ. 2011ರಲ್ಲಿ ಬಂದ ಟೈಗರ್ಸ್ ಕರ್ಸ್. ಬರೆದವರು ಅಮೆರಿಕದ ಕೊಲೀನ್ ಹೌಕ್. ಸರ್ಕಸ್ಸಿನಲ್ಲಿ ಕೆಲಸಕ್ಕೆ ಸೇರಿದ ಅಮೆರಿಕದ ಹುಡುಗಿ, ಅಲ್ಲಿದ್ದ ಬಿಳಿ ಹುಲಿಯನ್ನು ಹಚ್ಚಿಕೊಳ್ಳುತ್ತಾಳೆ. ಆ ಹುಲಿ ಮುನ್ನೂರು ವರ್ಷಗಳ ಶಾಪ ಹೊತ್ತ ಭಾರತದ ರಾಜಕುಮಾರ. ದಿನಕ್ಕೆ ಒಂದು ಗಳಿಗೆ ಹೊತ್ತು, 24 ನಿಮಿಷ, ಮನುಷ್ಯನಾಗಿರಬಲ್ಲ. ಶಾಪ ಕಳೆಯಲು ಅವರು ಹಂಪಿಗೆ ಬಂದು, ಅಲ್ಲಿಂದ ಕಿಷ್ಕಿಂಧೆಯೊಳಕ್ಕೆ ಹೋಗುತ್ತಾರೆ. ನಮ್ಮ ಊರಿನ ಹೆಸರು ಕಂಡು ನನಗೆ ರೋಮಾಂಚನವಾಯಿತು ಎಂಬುದು ನಿಜ. ಓದಿ ಮುಗಿಸಿದ ಮೇಲೆ ಮನಸ್ಸು ತುಂಬಲಿಲ್ಲ ಎಂಬುದೂ ನಿಜ. ಹಂಪಿ ಅಲ್ಲಿ ಸಾಹಸಕ್ಕೊಂದು ಬಾಗಿಲು ಮಾತ್ರ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು, ಆನೆಗೊಂದಿಯ ಬಾಳೆತೋಟದವರು, ಅಂಜನಾದ್ರಿ ಹತ್ತುವ ಮುದುಕಿಯರು, ಕಿಷ್ಕಿಂಧೆ ಇದೇ ಎಂದು ದಿನವೂ ಕಥೆ ಹೇಳುವವರು, ಇವರ ಕಿಷ್ಕಿಂಧೆ ಅದಲ್ಲ.

ಈಗ ಇದು ಬದಲಾಗುತ್ತಿದೆ. ನೈಜೀರಿಯಾ ಮೂಲದ ಅಮೆರಿಕದ ತರುಣಿ ಟೋಮಿ ಅಡೆಯೆಮಿ 2018ರಲ್ಲಿ ಯೊರುಬಾ ಜನರ ದೇವತೆಗಳ ಲೋಕವನ್ನು ಕಾದಂಬರಿಯಾಗಿಸಿದರು. ಅದೇ ವರ್ಷ ರೋಶನಿ ಚೋಕ್ಸಿ ಮಹಾಭಾರತದ ಕಥೆಗಳನ್ನು ಅಮೆರಿಕದ ಭಾರತೀಯ ಮಗುವಿನ ಕೈಗೆ ಕೊಟ್ಟರು. ತಮ್ಮ ಅಜ್ಜಿಯ ಕಥೆಗೆ ತಾವೇ ಹಕ್ಕುದಾರರು ಎಂದು ಹೇಳುವ ತಲೆಮಾರು ಇದು. ಸಂತೋಷ.

ಹಾಗಾದರೆ ಕನ್ನಡದಲ್ಲಿ? ಕಥೆಯ ಒಳಗೆ ಮತ್ತು ಹೊರಗೆ ಬೆಲೆ ತೆತ್ತವರ ಲೆಕ್ಕ ನೋಡಿದ ಮೇಲೆ, ಈ ಮಾತಿಗೆ ಬರಲೇಬೇಕು. ಮನುಷ್ಯರಲ್ಲದವರ ಜೊತೆಗಿನ ಪ್ರೇಮ ನಮಗೆ ಹೊಸದಲ್ಲ. ಗಿರೀಶ ಕಾರ್ನಾಡರ ನಾಗಮಂಡಲ ನೆನಪಿಸಿಕೊಳ್ಳಿ. ರಾಣಿಯನ್ನು ಗಂಡ ಮನೆಯೊಳಗೆ ಕೂಡಿಹಾಕಿ ಬೀಗ ಹಾಕುತ್ತಾನೆ. ರಾತ್ರಿ ಅದೇ ಗಂಡನ ರೂಪದಲ್ಲಿ ನಾಗ ಬರುತ್ತಾನೆ. ಪ್ರೀತಿ ಎಂದರೇನೆಂದು ಅವಳಿಗೆ ಗೊತ್ತಾದದ್ದು ಆ ನಾಗನಿಂದ. ಬೆಲೆ? ಊರ ಪಂಚರ ಮುಂದೆ ಹುತ್ತಕ್ಕೆ ಕೈಹಾಕಿ ಅವಳು ಪ್ರಮಾಣ ಮಾಡಬೇಕು. ನಾಗನಂತೂ ಅವಳಿಗಾಗಿ ಪ್ರಾಣವನ್ನೇ ಬಿಡುತ್ತಾನೆ. ಚಂದ್ರಶೇಖರ ಕಂಬಾರರ ಸಿರಿಸಂಪಿಗೆಯೂ ಹಾವು ಮತ್ತು ಹೆಣ್ಣಿನ ಜನಪದ ಕಥೆಯಿಂದಲೇ ಎದ್ದು ಬಂದದ್ದು.

ಆದರೆ ನಾನು ನಿಮಗೆ ನಿಧಾನವಾಗಿ ಹೇಳಬೇಕೆಂದಿರುವುದು ಇನ್ನೊಂದು ಕಥೆ. ಎ.ಕೆ. ರಾಮಾನುಜನ್ ಅವರು ಕನ್ನಡದ ಹೆಂಗಸರ ಬಾಯಿಂದ ಸಂಗ್ರಹಿಸಿದ ಹೂವಿನ ಮರದ ಕಥೆ. ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಚಿಕ್ಕವಳು ಒಂದು ಉಪಾಯ ಮಾಡುತ್ತಾಳೆ. ಅಕ್ಕನಿಗೆ ಹೇಳುತ್ತಾಳೆ, ಒಂದು ತಂಬಿಗೆ ನೀರು ನನ್ನ ಮೇಲೆ ಹಾಕು, ನಾನು ಹೂವಿನ ಮರವಾಗುತ್ತೇನೆ. ಹೂ ಬಿಡಿಸಿಕೋ. ಆದರೆ ಉಗುರು ತಾಕಬಾರದು, ತೊಟ್ಟು ಮುರಿಯಬಾರದು. ಆಮೇಲೆ ಇನ್ನೊಂದು ತಂಬಿಗೆ ನೀರು ಹಾಕು, ಮತ್ತೆ ಹುಡುಗಿಯಾಗುತ್ತೇನೆ. ಆ ಹೂವು ಅರಮನೆ ಸೇರುತ್ತದೆ. ರಾಜಕುಮಾರ ಗುಟ್ಟು ಕಂಡುಹಿಡಿದು ಮದುವೆಯಾಗುತ್ತಾನೆ. ರಾತ್ರಿ ರಾತ್ರಿ ಮರವಾಗು ಎನ್ನುತ್ತಾನೆ. ಮುಂದೆ ನಾದಿನಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಬಲವಂತ ಮಾಡುತ್ತಾಳೆ. ಹುಡುಗಿಯರು ಕೊಂಬೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ, ನೀರನ್ನು ಬೇಕಾಬಿಟ್ಟಿ ಚೆಲ್ಲಿ ಓಡಿಹೋಗುತ್ತಾರೆ. ಅವಳು ಪೂರ್ತಿ ಮರವೂ ಅಲ್ಲ, ಪೂರ್ತಿ ಹೆಣ್ಣೂ ಅಲ್ಲ. ಕೈಯಿಲ್ಲ, ಕಾಲಿಲ್ಲ, ಒಂದು ಮೋಟು. ಎಷ್ಟೋ ಕಾಲದ ಮೇಲೆ ಗಂಡ ಅವಳನ್ನು ಗುರುತು ಹಿಡಿಯುತ್ತಾನೆ. ನೀರು ಹಾಕಿ ಮರವಾಗಿಸುತ್ತಾನೆ. ಮುರಿದ ಒಂದೊಂದೇ ಕೊಂಬೆಯನ್ನು ಸರಿಪಡಿಸಿ, ಕಟ್ಟು ಕಟ್ಟಿ, ಮತ್ತೆ ನೀರು ಹಾಕುತ್ತಾನೆ. ಅವಳು ಇಡಿಯಾಗಿ ಎದ್ದು ಬರುತ್ತಾಳೆ.

ಹದಿಹರೆಯದ ಹೆಣ್ಣಿನ ಮೈ, ಅದರ ಮೇಲೆ ಬೇರೆಯವರ ಆಸೆ, ಅವಳ ಒಪ್ಪಿಗೆ, ಅವಳಿಗಾದ ಗಾಯ, ಅದನ್ನು ವಾಸಿಮಾಡುವ ತಾಳ್ಮೆ, ಎಲ್ಲವೂ ಈ ಅಜ್ಜಿಕಥೆಯಲ್ಲಿದೆ. ರಾಜಕುಮಾರನೂ ಇಲ್ಲಿ ಮೊದಲು ಬರೀ ಪಡೆಯುವವನು. ಕೊನೆಗೆ ಕೊಂಬೆ ಕಟ್ಟುವವನಾದ ಮೇಲೆ ಮಾತ್ರ ಅವನು ಗಂಡನಾಗುತ್ತಾನೆ. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ 2006ರಲ್ಲಿ ಈ ಕಥೆಯಿಂದ ಒಪೇರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಇಂದಿನ ಹದಿನೈದರ ಕನ್ನಡದ ಹುಡುಗಿ ಒಂದೇ ರಾತ್ರಿಯಲ್ಲಿ ಓದಿ ಮುಗಿಸುವಂಥ ಕನ್ನಡ ಕಾದಂಬರಿಯಾಗಿ ಇದು ಏಕೆ ಬರಬಾರದು? ಹಾಸನದ ಹಾಸ್ಟೆಲಿನಲ್ಲಿ, ಧಾರವಾಡದ ಕಾಲೇಜಿನಲ್ಲಿ ನಡೆಯುವ ಕಥೆಯಾಗಿ? ಬರೆಯುವ ಕೈಗಳು ಈ ಮಾತು ಕೇಳುತ್ತಿದ್ದರೆ, ಇದು ನನ್ನ ಮನದಾಳದ ಬೇಡಿಕೆ.

ಮುಗಿಸುವ ಮುಂಚೆ, ತಂದೆ ತಾಯಂದಿರಿಗೆ ಒಂದೆರಡು ಉಪಯೋಗದ ಮಾತು. ಈ ಕಪಾಟಿನಲ್ಲಿ ಇರುವುದೆಲ್ಲ ಒಂದೇ ವಯಸ್ಸಿಗೆ ಅಲ್ಲ. ಸಾರಾ ಜೆ. ಮಾಸ್ ಅವರ ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್ 2015ರಲ್ಲಿ ಹದಿಹರೆಯದವರ ಪುಸ್ತಕವೆಂದೇ ಬಂದಿತ್ತು. ಮುಂದೆ ಪ್ರಕಾಶಕರು ಹೊದಿಕೆ ಬದಲಿಸಿ ಅದನ್ನು ವಯಸ್ಕರ ಕಪಾಟಿಗೆ ಸಾಗಿಸಿದರು. ಶೃಂಗಾರದ ಭಾಗ ಅಷ್ಟಿದೆ. ಹದಿಮೂರರ ಮಗುವಿಗೆ ಅದು ಈಗಲೇ ಬೇಡ. ಕಿತ್ತುಕೊಳ್ಳುವ ಬದಲು, ಮೊದಲು ನೀವೇ ಓದಿ, ಆಮೇಲೆ ಜೊತೆಗೆ ಕೂತು ಮಾತಾಡಿ.

ಮೊದಲ ಪುಸ್ತಕ ಯಾವುದು ಕೊಡಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ. ಡಯಾನಾ ವಿನ್ ಜೋನ್ಸ್ ಅವರ ಹೌಲ್ಸ್ ಮೂವಿಂಗ್ ಕ್ಯಾಸಲ್, 1986ರದು. ಸೋಫಿ ಎಂಬ ಅಂಜುಬುರುಕ ಹುಡುಗಿ ಟೋಪಿ ಹೊಲಿಯುತ್ತ ಕೂತಿರುತ್ತಾಳೆ. ಮಾಟಗಾತಿಯೊಬ್ಬಳ ಶಾಪದಿಂದ ತೊಂಬತ್ತರ ಮುದುಕಿಯಾಗುತ್ತಾಳೆ. ಸೊಂಟ ನೋಯುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ಆದರೆ ಮುದುಕಿಯಾದ ಮೇಲೆ ಅವಳಿಗೆ ಯಾರ ಹೆದರಿಕೆಯೂ ಇಲ್ಲ. ಮಾಂತ್ರಿಕನ ಮನೆಗೇ ನುಗ್ಗಿ ಕಸ ಗುಡಿಸತೊಡಗುತ್ತಾಳೆ. ಆ ಮಾಂತ್ರಿಕ ತನ್ನ ಶಕ್ತಿಗೆ ಏನನ್ನು ಅಡವಿಟ್ಟಿದ್ದಾನೆ ಎಂಬುದು ಒಲೆಯ ಬೆಂಕಿಗೆ ಗೊತ್ತು. ಅದನ್ನು ನಾನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಕಥೆ ಕೆಡುತ್ತದೆ. ಹದಿನೈದು ದಾಟಿದವರಿಗೆ ಲೆ ಗ್ವಿನ್ ಅವರ ಟೆನಾರ್ ಪುಸ್ತಕ ಕೊಡಿ. ತೆಹಾನು ತಾಯಂದಿರು ಓದಲಿ. ಇವು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುವುದುಂಟು. ಊರ ಗ್ರಂಥಾಲಯದಲ್ಲಿ ಇಲ್ಲದಿದ್ದರೆ, ತರಿಸಿ ಎಂದು ಒಂದು ಅರ್ಜಿ ಬರೆದುಕೊಡಿ.